ಹುಲುಗೇಶನ ಒಂದು ತಾಸಿನ ವ್ಯಂಗ್ಯಚಿತ್ರ

ಮಧ್ಯಾಹ್ನ ಸರಿಯಾಗಿ ಒಂದಕ್ಕೆ ಹುಲುಗೇಶನ ಮೊಬೈಲ್ ಟಿಣ್ ಅಂದಿತು. ಪತ್ರಿಕೆಯೊಂದು ನಡೆಸುವ ಒಂದು ತಾಸಿನ ವ್ಯಂಗ್ಯಚಿತ್ರ ಸ್ಪರ್ಧೆ. ವಿಷಯ: ‘ನಿಮ್ಮ ಸಾಹೇಬರು’. ಎರಡು ಹೊಡೆಯುವುದರೊಳಗೆ ಬರೆದು, ಫೋಟೊ ಹೊಡೆದು ಕಳಿಸಬೇಕು. ಗೆದ್ದ ಚಿತ್ರ ಹೆಸರಿನ ಸಮೇತ ಅಚ್ಚಾಗುತ್ತದೆ.

ಹೆಸರಿನ ಸಮೇತ! ಎಂಟು ವರ್ಷದಲ್ಲಿ ಕಳಿಸಿದ ಮುನ್ನೂರು ಚಿತ್ರಗಳಲ್ಲಿ ಒಂದೂ ಅಚ್ಚಾಗದೆ, ಮನೆಯಲ್ಲಿ ಅವನ ಪೆನ್ಸಿಲ್ಲಿಗೆ ಕಸಬರಿಗೆಯಷ್ಟೂ ಮರ್ಯಾದೆ ಉಳಿದಿರಲಿಲ್ಲ. ಇದೇ ಕೊನೆಯ ಸಲ ಎಂದು ಹೆಂಡತಿ ರೋಜಾಳಿಗೆ ಮಾತು ಕೊಟ್ಟಾಗಿತ್ತು.

ಕೂಡ್ಲಿಗಿಯ ಒಂದು ಸರ್ಕಾರಿ ಆಫೀಸಿನಲ್ಲಿ ಗುಮಾಸ್ತ ಹುಲುಗೇಶ ಊಟದ ಡಬ್ಬಿ ಬದಿಗೆ ಸರಿಸಿ ಕೂತ. ಸಾಹೇಬ ಹಾಲೇಶಪ್ಪನವರ ಬೋಳುತಲೆ, ಟೇಬಲ್ ಮೇಲೆ ಹರಡಿದ ಹೊಟ್ಟೆ, ಫೈಲುಗಳ ದಿಂಬು, ಗೊರಕೆ. ಇಪ್ಪತ್ತೇ ನಿಮಿಷಕ್ಕೆ ಚಿತ್ರಕ್ಕೆ ಜೀವ ಬಂತು.

ಟೈಪಿಸ್ಟ್ ರೇಖಾ ಹಿಂದಿನಿಂದ ಇಣುಕಿದಳು. “ಹುಲುಗೇಶಣ್ಣಾ, ನಿಮಗೇನರ ತೆಲಿ ಕೆಟ್ಟೈತೇನ್ರಿ? ಸಾಹೇಬ್ರು ನೋಡಿದ್ರ ಸುಮ್ನ ಬಿಡ್ತಾರಾ? ನಾಕು ಕೂದ್ಲರ ಹಾಕ್ರಿ.”

ಹಾಕಿದ.

ಡ್ರೈವರ್ ಜಮಾಲುದ್ದೀನ ಕನ್ನಡಕ ಏರಿಸಿದ. “ಆ ಹೊಟ್ಟಿ ತಗೀರಿ ಅಣ್ಣಾ, ಮೂರು ಮಕ್ಳದಾವು ನಿಮಗ. ಮುಚ್ಚಿದ ಕಣ್ಣೂ ತಗಸ್ರಿ.”

ತೆಗೆದ, ತೆಗೆಸಿದ. ರಬ್ಬರಿನ ಪುಡಿ ಟೇಬಲ್ ತುಂಬ ಮಂಡಕ್ಕಿಯಂತೆ ಚೆಲ್ಲಿತ್ತು.

ಒಂದೂ ಐವತ್ತಕ್ಕೆ ಹಾಲೇಶಪ್ಪನವರೇ ಹಲ್ಲಿಗೆ ಕಡ್ಡಿ ಆಡಿಸುತ್ತ ಬಂದು ನಿಂತರು. ಹುಲುಗೇಶ ದಡಬಡಿಸಿ ಎದ್ದುನಿಂತ.

“ಯಾರಪಾ ಇದು, ನಾನಾ? ಛಲೋ ಐತಿ. ಎದಿ ಇನ್ನೊಂಚೂರು ಅಗಲ ಮಾಡು. ತೆಲಿ ಹಿಂದ ಒಂದು ಸೂರ್ಯ ಬರಿ.”

“ಸಾರ್, ಸೂರ್ಯ...”

“ಹುಟ್ಟೋ ಸೂರ್ಯ ಮತ್ತ. ಮುಳುಗೋದಲ್ಲ.”

ಒಂದೂ ಐವತ್ತೊಂಬತ್ತಕ್ಕೆ ಕಳಿಸಿದ. ಚಿತ್ರದಲ್ಲಿ ನಗು ಸತ್ತು, ದೇವರ ಕ್ಯಾಲೆಂಡರ್ ಮಾತ್ರ ಉಳಿದಿತ್ತು. ತಣ್ಣಗಾದ ರೊಟ್ಟಿಯ ಡಬ್ಬಿಯನ್ನು ಹಾಗೇ ಮುಚ್ಚಿಟ್ಟ.

ಸಂಜೆ ಐದಕ್ಕೆ ಫಲಿತಾಂಶ. ಮೊದಲ ಬಹುಮಾನ ಹುಲುಗೇಶನಿಗೆ! ತೀರ್ಪುಗಾರರು ಬರೆದಿದ್ದರು: ‘ತನ್ನನ್ನೇ ದೇವರೆಂದುಕೊಂಡ ಅಧಿಕಾರಿಯನ್ನು ಇಷ್ಟು ನಿರ್ದಯವಾಗಿ ಗೇಲಿ ಮಾಡಿದ ಚಿತ್ರ ನಾವು ನೋಡಿಲ್ಲ.’

ಖುಷಿಯ ಭರದಲ್ಲಿ ರೇಖಾ ಅದನ್ನು, ‘ಕೂದ್ಲು ಹಾಕ್ಸಿದ್ದು ನಾನು, ಕಣ್ಣು ತಗಸಿದ್ದು ಜಮಾಲಣ್ಣ’ ಅಂತ ಸೇರಿಸಿ, ಆಫೀಸಿನ ಗ್ರೂಪಿಗೆ ಹಾಕೇಬಿಟ್ಟಳು. ಎರಡೇ ನಿಮಿಷಕ್ಕೆ ಸಾಹೇಬರ ಕೋಣೆಯಿಂದ ಕರೆಗಂಟೆ ಸದ್ದಾಯಿತು.

“ಓದಿದೆ,” ಅಂದರು ಹಾಲೇಶಪ್ಪ.

ಹುಲುಗೇಶ ಕೈ ಮುಗಿದ.

“ನೀ ಬರದೀ ಅಂದ್ರ ಊರೆಲ್ಲಾ ನನ್ನ ನೋಡಿ ನಗ್ತೈತಿ. ನಾನ ಬರದೀನಿ ಅಂದ್ರ? ‘ಎಂಥಾ ದೊಡ್ಡ ಮನುಷ್ಯಾ, ತನ್ನನ್ನ ತಾನ ಆಡ್ಕೊಂಡಾನ’ ಅಂತಾರ. ಪತ್ರಿಕಿಯವ್ರಿಗೆ ಮೆಸೇಜ್ ಹಾಕು. ಕಳಿಸಿದ್ದು ನಾನು, ಬರದದ್ದು ನಮ್ಮ ಸಾಹೇಬ್ರು ಅಂತ.”

“ಸಾರ್, ಎಂಟು ವರ್ಷದಿಂದ...”

“ಕೂದ್ಲು ರೇಖಾಂದು, ಕಣ್ಣು ಜಮಾಲಂದು, ಎದಿ, ಸೂರ್ಯ ನಂದು. ನಿಂದೇನೈತಪಾ ಅದ್ರಾಗ?”

ಹುಲುಗೇಶ ಮೊಬೈಲಿನಲ್ಲಿ ಚಿತ್ರ ತೆಗೆದು ನೋಡಿದ. ತನ್ನದೆಂಬ ಗೆರೆ ಒಂದೂ ಕಾಣಲಿಲ್ಲ. ಮೆಸೇಜ್ ಟೈಪ್ ಮಾಡಿ ಕಳಿಸಿದ.

“ಮುಂದಿನ ತಿಂಗಳೂ ಸ್ಪರ್ಧೆ ಐತಂತ,” ಹಾಲೇಶಪ್ಪ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. “ನಾನು ಏನು ಬರೀತೀನೋ, ಅದನ್ನ ನೀ ಬರದು ರೆಡಿ ಮಾಡಿಡು.”