ನನ್ನ ಎರಡು ಲಕ್ಷ ಮತ್ತು ಪೇದೆ ಡುಫಿಯವರ ಒಂದು ಬೂಟು

ಬೆಳಗಿನ ಆರರ ಸುದ್ದಿಯಿಂದ ನಮ್ಮ ಟೆಚಿಮಾನ್ ಪಟ್ಟಣದ ಕೋಳಿಗಳಿಗೆ ಕೆಲಸವಿಲ್ಲದಂತೆ ಮಾಡಿರುವ ಬಾನುಲಿ ವಾಚಕರಾದ ಶ್ರೀ ಅಪೆಂಟೆಂಗ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ನಾಲ್ಕನೇ ತರಗತಿಯಲ್ಲೇ ಮೇಷ್ಟ್ರಿಗೆ ಪಾಠ ಹೇಳಿಕೊಟ್ಟವನೂ, ಒಮ್ಮೆ ಸೀನಿ ಚಿರತೆಯೊಂದನ್ನು ಕೆಡವಿದವನೂ, ಬಸ್ ನಿಲ್ದಾಣದವರೆಲ್ಲ ವೋಫಾ, ಅಂದರೆ ಸೋದರಮಾವ, ಎಂದು ಕರೆಯುವವನೂ ಆದ ನಾನು ತಮಗೆ ಅಡ್ಡಬಿದ್ದು ಬರೆಯುವುದೇನೆಂದರೆ, ಕಳೆದ ಗುರುವಾರ ನನ್ನ ಪರ್ಸು ಕಳುವಾದ ಸುದ್ದಿಯನ್ನು ತಾವು ಓದಿದ ವೈಖರಿಗೆ ನನಗೇ ಮೈ ಜುಮ್ಮೆಂದಿತು.

"ಐದು ಜನ ಮುಸುಕುಧಾರಿಗಳು, ಐದು ಬಂದೂಕು, ಎರಡು ಲಕ್ಷ ಸೆಡಿ! ನಮ್ಮ ಪೊಲೀಸಮ್ಮ ಎಲ್ಲಿ? ಬಾಳೆಗಿಡದ ಹಿಂದೆ!" ಎಂದು ತಾವು ಗುಡುಗಿದಾಗ ನನ್ನ ಹೆಂಡತಿ ಸೆರ್ವಾ, "ಎರಡು ಲಕ್ಷ ಇಟ್ಕೊಂಡು ನಂಗೆ ಒಂದು ಚಪ್ಪಲಿ ಕೊಡಿಸ್ಲಿಲ್ವಲ್ಲಯ್ಯಾ" ಎಂದು ಸೌಟು ಎತ್ತಿದಳು. ತಮ್ಮ ಕಣ್ಣು ಎಷ್ಟು ಚುರುಕೆಂದರೆ, ಒಬ್ಬ ಬಡಕಲು ಕಳ್ಳನಲ್ಲಿ ಐವರನ್ನು ಕಂಡಿರಿ. ಠಾಣೆಯ ಜೀಪಿಗೆ ಪೆಟ್ರೋಲ್ ಇರಲಿಲ್ಲ. ಪೇದೆ ಡುಫಿ ಮೇಡಂ ಮರಗೆಣಸಿನ ಹೊಲಗಳಲ್ಲಿ ಅವನನ್ನು ಅಟ್ಟಿಸಿಕೊಂಡು ಓಡಿ, ಕೆಸರಿನಲ್ಲಿ ಒಂದು ಬೂಟು ಕಳೆದುಕೊಂಡು, ಕೊನೆಗೆ ಅವನ ಬೆನ್ನ ಮೇಲೆ ಕುಳಿತು ಪರ್ಸನ್ನು ಕಿತ್ತುಕೊಂಡೇಬಿಟ್ಟರು. ಬಾಳೆಗಿಡದ ಹಿಂದೆ ನಿಂತು ಆಕೆಗೆ ಧೈರ್ಯ ತುಂಬುತ್ತಿದ್ದವನು ನಾನು.

ತಮ್ಮ ಸೇವೆ ಇಷ್ಟಕ್ಕೇ ನಿಲ್ಲಲಿಲ್ಲ. ಹೋದ ತಿಂಗಳು ಅಗ್ನಿಶಾಮಕದವರು ನೀರಿಲ್ಲದೆ ಬಂದರೆಂದು ವಾರವಿಡೀ ಕೂಗಿದಿರಿ, ಮರಳಿ ನೀರು ತಂದು ಬೆಂಕಿ ಆರಿಸಿದ್ದನ್ನು ಮಾತ್ರ ಪಾಪ, ಸಮಯವಿಲ್ಲದೆ ಬಿಟ್ಟಿರಿ.

ತಪ್ಪಿನಲ್ಲಿ ನನ್ನದೂ ಒಂದು ಚೂರಿದೆ. ಅಂದು ನಾನು ಕಪ್ಪು ಬಟ್ಟೆ ಉಟ್ಟು ಭಾವನ ಅಂತ್ಯಕ್ರಿಯೆಗೆ ಹೊರಟಿದ್ದೆ. ಅಲ್ಲಿ ಯಾರು ಎಷ್ಟು ಕೊಟ್ಟರೆಂದು ಮೈಕಿನಲ್ಲಿ ಕೂಗುತ್ತಾರಲ್ಲ, ಆ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಎರಡು ಸಾವಿರ ಎಂದು ಮೊದಲೇ ಬರೆಸಿದ್ದೆ. ಹೀಗಿರುವಾಗ ಕಳ್ಳ ದೇವರಂತೆ ಬಂದ. ತಾವು ಫೋನಿನಲ್ಲಿ ಕೇಳಿದಾಗ, ನಾದಿನಿಯರೆಲ್ಲ ಬಾನುಲಿ ಕೇಳುತ್ತಿರುತ್ತಾರಲ್ಲ ಎಂದು, ಇಪ್ಪತ್ತು ಸಾವಿರ ಹೋಯಿತು ಎಂದೆ. ತಮ್ಮ ಧಾರಾಳ ಮನಸ್ಸಿಗೆ ಅದು ಜಿಪುಣತನವೆನಿಸಿ ಸೊನ್ನೆಯೊಂದನ್ನು ದಯಪಾಲಿಸಿದಿರಿ.

ಈಗ ಮೇಲಧಿಕಾರಿಗಳು ಸೋಮವಾರ ವಿಚಾರಣೆಗೆ ಬರುತ್ತಾರಂತೆ. ಎರಡು ಲಕ್ಷದ ಪರ್ಸು ಠಾಣೆಯ ಬೀರುವಿನಲ್ಲಿ ಇಷ್ಟು ತೆಳ್ಳಗಿರುವುದೇಕೆ, ಮಿಕ್ಕ ಹಣವನ್ನು ಡುಫಿ ಮೇಡಂ ಏನು ಮಾಡಿದರು ಎಂಬುದು ಅವರ ಪ್ರಶ್ನೆ. ನಿನ್ನೆ ಆಕೆ ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ರಬ್ಬರ್ ಚಪ್ಪಲಿ ಹಾಕಿಕೊಂಡು ಮನೆಗೆ ಬಂದು, "ವೋಫಾ, ಪರ್ಸೂ ನಿಮ್ದೇ, ಬಾಯೂ ನಿಮ್ದೇ. ನಂಗಿರೋದು ಇದೊಂದು ಕೆಲಸ, ಮೂರು ಮಕ್ಕಳು. ನಿಜ ಹೇಳ್ಬಿಡಿ" ಎಂದರು. ಸೌಟಿಗೂ ಹೆದರದ ನನಗೆ ಆ ರಬ್ಬರ್ ಚಪ್ಪಲಿಯ ಕಡೆ ನೋಡಲಾಗಲಿಲ್ಲ.

ಠಾಣೆಗೆ ಹೋಗಿ ನಿಜವನ್ನೇ ಬರೆದುಕೊಟ್ಟೆ. "ರೇಡಿಯೋದಲ್ಲೇ ಬಂದಿದೆಯಲ್ರೀ" ಎಂದು ಅಲ್ಲಿಯ ಗುಮಾಸ್ತರು ಕಾಗದವನ್ನು ಬದಿಗಿಟ್ಟರು. ಆದ್ದರಿಂದ ತಮ್ಮಲ್ಲಿ ವಿನಂತಿ: ಸೋಮವಾರ ತಮ್ಮ ಐವರು ಮುಸುಕುಧಾರಿಗಳನ್ನು ಬಂದೂಕು ಸಮೇತ ಸಾಕ್ಷಿಗೆ ಕಳುಹಿಸಿ, ಜೊತೆಗೆ ಮೂವತ್ತೊಂಬತ್ತರ ಅಳತೆಯ ಎಡಗಾಲಿನ ಬೂಟೊಂದನ್ನೂ. ಅದಾಗದಿದ್ದರೆ ಈ ಕಾಗದದ ಕಟ್ಟಕಡೆಯ ಸಾಲನ್ನು ಅದೇ ಗುಡುಗಿನ ದನಿಯಲ್ಲಿ ಓದಿ.

ತಮ್ಮ ವಿಶ್ವಾಸಿ,
ವೋಫಾ ಅದೋಮಾಕೊ

ತಾ.ಕ.: ನಾದಿನಿಯರೂ ಕೇಳಲಿ, ಪರವಾಗಿಲ್ಲ. ಈ ಒಂದು ಸಲ ಒಂದು ಸೆಡಿಯನ್ನೂ ಸೇರಿಸಬೇಡಿ, ತಾವು ಸೇರಿಸಿದ್ದನ್ನು ಡುಫಿ ಮೇಡಂ ತುಂಬಿಕೊಡಬೇಕಾಗುತ್ತದೆ. ಪರ್ಸಿನಲ್ಲಿ ಇದ್ದದ್ದು ಮೂವತ್ತೇಳು ಸೆಡಿ.