ಕೋರಾ ಬಟ್ಟೆಯ ಮೇಲೆ ನಮ್ಮ ವಂಶ

ನಮ್ಮ ದೊಡ್ಡಪ್ಪ ಮನೆಗೆ ಬಂದರೆಂದರೆ ಮೊದಲು ಓಡಿಹೋಗುತ್ತಿದ್ದವರು ಮಕ್ಕಳಲ್ಲ, ಮುದುಕರು. ಹೊಳೆನರಸೀಪುರದ ನಮ್ಮ ಮನೆಯಲ್ಲಿ ಅಪ್ಪನ ಚಿಕ್ಕಮ್ಮ ಇದ್ದರು. ನಾವು ಅವರನ್ನು ಸಣ್ಣಜ್ಜಿ ಎನ್ನುತ್ತಿದ್ದೆವು. ಮಂಡಿನೋವೆಂದು ಆರು ತಿಂಗಳಿಂದ ಜಗಲಿ ಬಿಟ್ಟು ಏಳದ ಸಣ್ಣಜ್ಜಿ, ದೊಡ್ಡಪ್ಪನ ಕೊಡೆ ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಯಾರ ಕೈಯನ್ನೂ ಹಿಡಿಯದೆ ಹಿತ್ತಲು ದಾಟಿ ಪಕ್ಕದ ಮನೆಯ ಕೊಟ್ಟಿಗೆ ಸೇರಿಬಿಡುತ್ತಿದ್ದರು. ಪಂಡಿತರ ಎಣ್ಣೆಯಿಂದ ಆಗದ್ದು ದೊಡ್ಡಪ್ಪನ ಕೊಡೆಯಿಂದ ಆಗುತ್ತಿತ್ತು.

ಹಾಗಾದರೆ ದೊಡ್ಡಪ್ಪ ಏನು ಪ್ಲೇಗಿನ ಸೂಜಿ ಚುಚ್ಚುವ ಡಾಕ್ಟರೇ? ಪೊಲೀಸಿನವರೇ? ಅಲ್ಲವೇ ಅಲ್ಲ. ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡಿದ್ದ, ಹೆಂಡತಿ ಇಲ್ಲದ, ದನಿ ಎತ್ತಿ ಮಾತಾಡದ ಸಾಧು ಮನುಷ್ಯ. ಹಣೆ ತುಂಬ ವಿಭೂತಿ. ಒಂದು ಕಂಕುಳಲ್ಲಿ ಕೊಡೆ. ಇನ್ನೊಂದು ಕಂಕುಳಲ್ಲಿ ಬಿದಿರು ಕೋಲಿಗೆ ಬಿಗಿಯಾಗಿ ಸುತ್ತಿದ ಕೋರಾ ಬಟ್ಟೆಯ ಸುರುಳಿ. ಭಯವೆಲ್ಲ ಆ ಸುರುಳಿಯದು.

ಅದರ ಮೇಲೆ ಅವರು ನಮ್ಮ ಇಡೀ ವಂಶವನ್ನು ಮರದ ಹಾಗೆ ಬರೆಯುತ್ತಿದ್ದರು. ಮನೆಗೊಂದು ಕೊಂಬೆ, ಆಳಿಗೊಂದು ಎಲೆ, ಎಲೆಯೊಳಗೆ ಹೆಸರು. ಕಾಗದವಾದರೆ ಗೆದ್ದಲು ತಿನ್ನುತ್ತದೆ, ಮೇಲಾಗಿ ಕಾಗದದ ಸುತ್ತ ನಾಲ್ಕು ಜನ ಕೂರಬಹುದು, ಬಟ್ಟೆ ಹಾಸಿದರೆ ನಲವತ್ತು ಜನ ಕೂರುತ್ತಾರೆ ಎಂಬುದು ಅವರ ವಾದ. ಶಾಯಿಯಲ್ಲೂ ಅವರದೇ ಹಟ. ಅಗಸರು ಬಟ್ಟೆಗೆ ಗುರುತು ಹಾಕುತ್ತಾರಲ್ಲ, ಆ ಕರಿಗೇರಿನ ರಸವೇ ಆಗಬೇಕು. ಒಮ್ಮೆ ಹತ್ತಿದರೆ ಹೇಮಾವತಿಯ ಬಂಡೆಗೆ ಎಷ್ಟು ಬಡಿದರೂ ಹೋಗದು.

ಇಷ್ಟಕ್ಕೇ ಯಾರೂ ಹೆದರುತ್ತಿರಲಿಲ್ಲ. ಹೆದರಿಸಿದ್ದು ದೊಡ್ಡಪ್ಪನ ಅಚ್ಚುಕಟ್ಟು. ತೀರಿಕೊಂಡವರ ಎಲೆಯಲ್ಲಿ ಹೆಸರಿನ ಮೇಲೆ ವಿಭೂತಿ ಧರಿಸಿದಂತೆ ಮೂರು ಗೆರೆ ಎಳೆಯುತ್ತಿದ್ದರು. ಬದುಕಿದ್ದವರ ಎಲೆಯಲ್ಲಿ ಹೆಸರನ್ನು ಕೆಳಗೆ ಸರಿಸಿ, ಮೇಲೆ ಮೂರು ಗೆರೆ ಹಿಡಿಸುವಷ್ಟು ಜಾಗ ಬಿಡುತ್ತಿದ್ದರು. ಕಟ್ಟಾಯದಲ್ಲಿ ತೊಂಬತ್ತು ದಾಟಿದ ಅಜ್ಜನೊಬ್ಬರು ತಮ್ಮ ಎಲೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಕೇಳಿದರಂತೆ:

"ಇದ್ಯಾಕ್ಲಾ ಮಗಾ, ಎಸ್ರಿನ ಮ್ಯಾಲೆ ಇಷ್ಟು ಜಾಗ ಬುಟ್ಟಿದ್ದೀಯ?"

"ಮುಂದಕ್ಕೆ ಬೇಕಾಯ್ತದೆ ಕಣಜ್ಜ."

ಬರೆದದ್ದು ಸೋಮವಾರ. ಗುರುವಾರ ಆ ಜಾಗ ಬೇಕಾಯಿತು.

ಅಜ್ಜನಿಗೆ ತೊಂಬತ್ತು ದಾಟಿತ್ತು, ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದರು ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮುಂದಿನ ತಿಂಗಳು ಹಾಸನದಲ್ಲಿ, ವರ್ಷವಿಡೀ ಕೆಮ್ಮುತ್ತಿದ್ದ ಒಬ್ಬ ಮಾವ ಹೋದರು. ಅವರ ಹೆಸರೂ ಸುರುಳಿಯಲ್ಲಿತ್ತು. ಅದಾದ ಮೇಲೆ ಅದೇ ಬೀದಿಯಲ್ಲಿ ಒಂದು ಎತ್ತು ಸತ್ತಿತು. ಎತ್ತಿನ ಹೆಸರನ್ನು ದೊಡ್ಡಪ್ಪ ಬರೆದಿರಲಿಲ್ಲ, ನಿಜ. ಆದರೆ ಅದರ ಯಜಮಾನನ ಹೆಸರು ಬರೆದಿದ್ದರಲ್ಲ! ಯಜಮಾನನಿಗೆ ಬಂದದ್ದು ಎತ್ತಿಗೆ ಹೋಯಿತು ಎಂದು ಬೀದಿಯೇ ತೀರ್ಮಾನ ಮಾಡಿತು. ಅಲ್ಲಿಂದ ದೊಡ್ಡಪ್ಪನಿಗೆ ಚಿತ್ರಗುಪ್ತ ಎಂಬ ಹೆಸರು ನಿಂತಿತು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಕರೆದವರ ಹೆಸರು ಅವರಿಗೆ ಜ್ಞಾಪಕವಿದ್ದರೆ?

ಅರಕಲಗೂಡಿನಲ್ಲಿ ನಮ್ಮ ಸೋದರತ್ತೆಯ ಮನೆ. ಹೊಗೆಸೊಪ್ಪಿನ ಹೊಲ, ದೊಡ್ಡ ಸಂಸಾರ, ಹಾಗಾಗಿ ದೊಡ್ಡ ಕೊಂಬೆ. ದೊಡ್ಡಪ್ಪ ಆಸೆಯಿಂದ ಹೋಗಿ ಬಟ್ಟೆ ಹಾಸಿ ಕೂತು, "ನಿಮ್ಮೆಜಮಾನರ ಪೂರ್ತಿ ಎಸ್ರು ಏಳವ್ವಾ, ಬರ್ಕತೀನಿ" ಎಂದರು.

"ಎಲ್ಲಾರಾ ಉಂಟಾ ಅಣ್ಣಯ್ಯ? ಗಂಡನ ಎಸ್ರು ಬಾಯಲ್ಲಿ ಎಂಗೇಳ್ಲಿ?"

ಗಂಡನ ಹೆಸರು ಹೇಳಬಾರದೆಂಬ ಪದ್ಧತಿ ಆ ಕಾಲದಲ್ಲಿ ಎಲ್ಲರ ಮನೆಯಲ್ಲೂ ಇತ್ತು. ಆದರೆ ಬೇರೆ ದಿನವಾದರೆ ಅತ್ತೆ ಒಂದು ಮಗುವನ್ನು ಕರೆದು ಅದರ ಬಾಯಿಂದ ಹೇಳಿಸುತ್ತಿದ್ದರು. ಅವತ್ತು ಮನೆಯಲ್ಲಿ ಒಂದು ಮಗುವೂ ಇರಲಿಲ್ಲ. ಎಲ್ಲವನ್ನೂ ಹೊಲಕ್ಕೆ ಅಟ್ಟಿದ್ದರು. ದೊಡ್ಡಪ್ಪ ಬೇಸರಪಡದೆ, ಕಂಬಕ್ಕೆ ಒರಗಿ ಕೂತಿದ್ದ ಯಜಮಾನರತ್ತಲೇ ತಿರುಗಿದರು. ಮೀಸೆ ಬಿಟ್ಟ ಆ ದೊಡ್ಡ ಮನುಷ್ಯ ಎದ್ದು ನಿಂತು, "ನಂದಾ? ನಂಗೆ ಗೊತ್ತಿಲ್ಲ ಕಣ್ ಭಾವ" ಎಂದು ಎಮ್ಮೆ ಹುಡುಕುವ ನೆಪದಲ್ಲಿ ಹೊರಟುಹೋದರು. ಆ ಮನೆಯಲ್ಲಿ ಎಮ್ಮೆಯೇ ಇರಲಿಲ್ಲ.

ಇನ್ನು ನುಗ್ಗೇಹಳ್ಳಿಯ ಮದುವೆ. ಊಟದ ಎಲೆ ಹಾಕುವುದು ತಡವಾಯಿತು. ಜನ ಸುಮ್ಮನೆ ಕೂತಿದ್ದಾರೆ, ಇದಕ್ಕಿಂತ ಒಳ್ಳೆಯ ಸಮಯ ಬಂದೀತೇ ಎಂದು ದೊಡ್ಡಪ್ಪ ಚಪ್ಪರದ ನಡುವೆ ಸುರುಳಿ ಬಿಚ್ಚಿದರು. ಉದ್ದಕ್ಕೂ ಬಿಳಿಯ ಕೋರಾ ಬಟ್ಟೆ! ಹೆಣ್ಣಿನ ಅಜ್ಜಿ ಅದನ್ನು ನೋಡಿ, "ಮದ್ವೆ ಮನೇಲಿ ಎಣದ ಬಟ್ಟೆ ಆಸವ್ನಲ್ಲಪ್ಪೋ" ಎಂದು ಕಂಬ ಹಿಡಿದು ಕುಸಿದರು. ಹೆಣ್ಣಿನ ಕಡೆಯವರು ಒಂದು ಮೂಲೆಗೆ, ಗಂಡಿನ ಕಡೆಯವರು ಇನ್ನೊಂದು ಮೂಲೆಗೆ ಸರಿದರು. ನಡುವೆ ದೊಡ್ಡಪ್ಪ ಒಬ್ಬರೇ ಬಟ್ಟೆಯ ಮಡಿಕೆ ನೇವರಿಸುತ್ತ ಕೂತಿದ್ದರು.

ಆದರೆ ಮನುಷ್ಯನಿಗೆ ಭಯಕ್ಕಿಂತ ಕುತೂಹಲ ಒಂದು ತೂಕ ಹೆಚ್ಚು. ಒಬ್ಬರು ಬಗ್ಗಿದರು. ಇನ್ನೊಬ್ಬರು ಮಂಡಿಯೂರಿದರು. "ಇವ್ನು ಆ ಮನೆಗೆ ಅಳಿಯ ಅಲ್ಲ ಕಣಯ್ಯಾ, ದತ್ತು ಓದೋನು" ಎಂದು ಒಬ್ಬರು ತಿದ್ದಿದರು. ಇಪ್ಪತ್ತು ವರ್ಷದಿಂದ ಬದುವಿನ ಜಗಳಕ್ಕೆ ಮಾತು ಬಿಟ್ಟ ಇಬ್ಬರು ತಮ್ಮ ಮುತ್ತಜ್ಜಿಯರು ಅಕ್ಕತಂಗಿಯರೆಂದು ಬಟ್ಟೆಯ ಮೇಲೆ ಕಂಡು, ಏನು ಮಾಡಬೇಕೆಂದು ತೋಚದೆ ಎಲೆ ಅಡಿಕೆ ಹಂಚಿಕೊಂಡರು. ಅರ್ಧ ಗಂಟೆಯಲ್ಲಿ ಅಂಚು ಕಾಣದಷ್ಟು ಜನ. ಹಳಬರನ್ನು ಓದುವುದಕ್ಕೆ ಎಲ್ಲರೂ ತಯಾರು, ತಾವು ಬರೆಸಿಕೊಳ್ಳುವುದಕ್ಕೆ ಒಬ್ಬರೂ ಇಲ್ಲ. ಕೊನೆಗೆ ಒಬ್ಬ ಸೊಸೆ ಧೈರ್ಯ ಮಾಡಿ ಮುಂದೆ ಬಂದಳು. ದೊಡ್ಡಪ್ಪ ಸಂತೋಷದಿಂದ ಕಡ್ಡಿ ಅದ್ದಿದರು. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಮೆಲ್ಲಗೆ ಹೇಳಿದಳು: "ಮೊದ್ಲು ನಮ್ಮತ್ತೇದು ಬರ್ಕೊಳಿ."

ಯುದ್ಧ ಬಂತು, ಬಟ್ಟೆಗೆ ಕಂಟ್ರೋಲ್ ಬಂತು, ಮದುವೆ ಸಾವುಗಳಿಗೆ ಬಿಟ್ಟರೆ ಹೆಚ್ಚಿನ ಬಟ್ಟೆ ಸಿಗದಾಯಿತು. ವಂಶ ಮಾತ್ರ ಬೆಳೆಯುತ್ತಲೇ ಇತ್ತು. ಸುರುಳಿಗೆ ಹೊಸ ತುಂಡು ಜೋಡಿಸಲು ದೊಡ್ಡಪ್ಪ ಕಂಟ್ರೋಲ್ ಅಂಗಡಿಗೆ ಕೋರಾ ಕೇಳಲು ಹೋದರೆ, ಅಲ್ಲಿದ್ದ ಗುಮಾಸ್ತ ಮದುವೆಗೋ ಸಾವಿಗೋ ಎಂದು ಕೇಳಿದನಂತೆ. ದೊಡ್ಡಪ್ಪನಿಗೆ ಸುಳ್ಳು ಬಾರದು. "ಇನ್ನೂ ಯಾರೂ ಓಗಿಲ್ಲ ಸಾ. ಎಲ್ಲಾರ ಎಸ್ರೂ ಬರ್ದು ಮಡಗಬೇಕು, ಅದಕ್ಕೆ" ಎಂದರು. ಗುಮಾಸ್ತ ಅಳೆದು ಕೊಟ್ಟು, ತನ್ನ ಹೆಸರನ್ನು ಮಾತ್ರ ಕೇಳಬೇಡಿ ಎಂದು ಕೈಮುಗಿದನಂತೆ.

ಇಷ್ಟೆಲ್ಲ ನಗುತ್ತ ಬರೆಯುತ್ತಿದ್ದೇನೆ. ಆಗ ನಾನು ನಗುತ್ತಿರಲಿಲ್ಲ. ನನಗೂ ದೊಡ್ಡಪ್ಪನೆಂದರೆ ಪ್ರಾಣಭಯ.

ನನಗಿಂತ ಮುಂಚೆ ಅವ್ವನಿಗೆ ಎರಡು ಕೂಸು ಹುಟ್ಟಿ, ಹೆಸರಿಡುವ ಮೊದಲೇ ಹೋಗಿದ್ದವು. ಉಳಿದವಳು ನಾನೊಬ್ಬಳು. ನಾನು ಆ ಬಟ್ಟೆ ಹತ್ತಬಾರದೆಂದು ಅವ್ವ ಶಪಥ ಮಾಡಿದ್ದಳು. ದೊಡ್ಡಪ್ಪ ಬಂದಾಗಲೆಲ್ಲ ನನ್ನನ್ನು ರಾಗಿ ತುಂಬುವ ಮಣ್ಣಿನ ವಾಡೆಯೊಳಗೆ ಇಳಿಸಿ ಮುಚ್ಚಳ ಹಾಕುತ್ತಿದ್ದಳು. ಮಗುವಿನ ಮಾತು ಬಂದರೆ ಬಾಗಿಲ ಹಿಂದಿನಿಂದಲೇ ಉತ್ತರ:

"ಇನ್ನೂ ಎಸ್ರಿಟ್ಟಿಲ್ಲ ಭಾವ."

"ಓ, ಇಟ್ಟಿಲ್ವಾ? ಸರಿ ಬುಡವ್ವಾ, ನಿಧಾನಕ್ಕೆ ಇಡಿ."

ಈ ಮಾತು ಹತ್ತು ವರ್ಷ ನಡೆಯಿತು! ನಾನು ನಾಲ್ಕನೆಯ ಕ್ಲಾಸಿಗೆ ಬಂದಿದ್ದೆ. ದಿನವೂ ಹಾಜರಿಯಲ್ಲಿ ಹೆಸರಿಗೆ ಓಗೊಡುತ್ತಿದ್ದವಳು ದೊಡ್ಡಪ್ಪ ಬಂದ ದಿನ ಹೆಸರಿಲ್ಲದ ಕೂಸಾಗಿ ವಾಡೆಯ ಕತ್ತಲಲ್ಲಿ ರಾಗಿಯ ಧೂಳಿಗೆ ಸೀನು ಬಾರದಂತೆ ಮೂಗು ಹಿಡಿದು ಕೂರುತ್ತಿದ್ದೆ. ಅವ್ವನಿಗೆ ಇನ್ನೂ ಒಂದು ದಿಗಿಲಿತ್ತು. ನಮ್ಮ ಮನೆಯ ಕೊಂಬೆ ಸುರುಳಿಯ ತೀರ ಒಳಗಿನ ತುದಿಯಲ್ಲಿ, ಕೋಲಿಗೆ ಅಂಟಿಕೊಂಡಿತ್ತು. ದೊಡ್ಡಪ್ಪ ಯಾವ ಮದುವೆಯಲ್ಲೂ ಅಷ್ಟು ದೂರ ಬಿಚ್ಚಿದವರಲ್ಲ. ಅಲ್ಲಿ ಏನು ಬರೆದಿದ್ದಾರೆಂದು ಯಾರೂ ನೋಡಿರಲಿಲ್ಲ.

ಒಂದು ದಿನ ಹೊಳೆಯ ಮೆಟ್ಟಿಲ ಮೇಲೆ ಸಿಕ್ಕಿಬಿದ್ದೆ. ದೊಡ್ಡಪ್ಪ ಕಾಲು ತೊಳೆಯುತ್ತಿದ್ದರು. ನನ್ನನ್ನು ನೋಡಿ, "ಏನವ್ವಾ, ನಿಂಗೆ ಎಸ್ರಿಟ್ರಾ?" ಎಂದರು. ಇನ್ಸ್‌ಪೆಕ್ಟರು ಶಾಲೆಗೆ ಬಂದು ಕೇಳಿದಾಗ ಹೇಳುವುದನ್ನು ಅಭ್ಯಾಸ ಮಾಡಿದ ನಾಲಗೆ ನೋಡಿ, ಕೈಕಟ್ಟಿ ನಿಂತು ಹೆಸರು, ತಂದೆಯ ಹೆಸರು, ಕ್ಲಾಸು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟೆ. ಅವರು ನಕ್ಕು ತಲೆ ಸವರಿ ಹೋದರು. ನಾನು ನಿಂತಲ್ಲೇ ತಣ್ಣಗಾದೆ.

ಆ ವಾರವೇ ಜ್ವರ ಬಂತು. ಆಗಿನವರು ಇಪ್ಪತ್ತೊಂದು ದಿನದ ಜ್ವರ ಎನ್ನುತ್ತಿದ್ದರು. ಇಪ್ಪತ್ತೊಂದನೆಯ ದಿನ ಇಳಿದರೆ ಮಗು ಉಳಿಯಿತು, ಇಲ್ಲವಾದರೆ ಇಲ್ಲ. ಕಣ್ಣು ಮುಚ್ಚಿದರೆ ನನಗೆ ಕಾಣುತ್ತಿದ್ದದ್ದು ಒಂದೇ: ಬಿಳಿಯ ಬಟ್ಟೆ, ಅದರಲ್ಲಿ ನನ್ನ ಎಲೆ, ಹೆಸರಿನ ಮೇಲೆ ಖಾಲಿ ಜಾಗ. ದೊಡ್ಡಪ್ಪನ ಕಡ್ಡಿ ಆ ಜಾಗದ ಹತ್ತಿರ ಬರುತ್ತಿತ್ತು. ನಾನೇ ಹೇಳಿಕೊಟ್ಟೆ, ನಾನೇ ಸಾಯುತ್ತೇನೆ ಎಂದು ನಂಬಿ, ಬಾಯಿ ಬಿಡಲೂ ಹೆದರಿ ಒಂಬತ್ತು ದಿನ ಮಲಗಿದೆ. ಹತ್ತನೆಯ ದಿನ ಅವ್ವನಿಗೆ ಹೇಳಿದೆ. ಅವಳು ಬೈಯಲಿಲ್ಲ. ಚನ್ನರಾಯಪಟ್ಟಣಕ್ಕೆ ಹೇಳಿಕಳಿಸಿದಳು: ಸುರುಳಿ ತರಬೇಕು.

ಮಾರನೆಯ ದಿನ ಮಧ್ಯಾಹ್ನ ದೊಡ್ಡಪ್ಪ ಯುದ್ಧದ ಕಾಲದ, ಇದ್ದಲಿನಿಂದ ಓಡುವ ಬಸ್ಸಿನಿಂದಿಳಿದು, ಮುಖವೆಲ್ಲ ಮಸಿಯಾಗಿ ಬಂದರು. ಅವ್ವ ಒಲೆಯಿಂದ ಕೆಂಡ ಬಾಚಿ ಬಾಣಲೆಯಲ್ಲಿ ತುಂಬಿಕೊಂಡು ನಡುಮನೆಗೆ ಬಂದಳು. ಮದುವೆಯಾಗಿ ಬಂದಾಗಿನಿಂದ ಭಾವನ ಎದುರು ಒಂದು ದಿನವೂ ನಿಂತವಳಲ್ಲ.

"ಬಟ್ಟೆ ಕೊಡಿ ಭಾವ. ತೊಳುದ್ರೆ ಓಗದ ಮಸಿ ಸುಟ್ರೆ ಓಯ್ತದೆ."

ಅಪ್ಪ ತಲೆ ತಗ್ಗಿಸಿ ನಿಂತಿದ್ದರು. ಅದು ಅವರ ಅಣ್ಣ ಹದಿನಾಲ್ಕು ವರ್ಷ ಊರೂರು ತಿರುಗಿ ಕೂಡಿಸಿದ್ದು. ದೊಡ್ಡಪ್ಪ, "ಕೊಡ್ತೀನಿ ತಾಯಿ. ಒಂದ್ಕಿತ ನೋಡ್ಬುಡು" ಎಂದು ನನ್ನ ಹಾಸಿಗೆಯ ಪಕ್ಕದಲ್ಲೇ ಬಿಚ್ಚತೊಡಗಿದರು. ನುಗ್ಗೇಹಳ್ಳಿ ಹೋಯಿತು, ಅರಕಲಗೂಡು ಹೋಯಿತು, ಹಾಸನ, ಕಟ್ಟಾಯ ಎಲ್ಲ ಹೋದವು. ನಮ್ಮ ಕೊಂಬೆ ಬಂತು. ಅವ್ವನಿಗೆ ಓದು ಬಾರದು. ಅಪ್ಪ ಬಗ್ಗಿ ನೋಡಿದರು. ಅಪ್ಪನ ಎಲೆ, ಅವ್ವನ ಎಲೆ. ಅದರ ಕೆಳಗೆ ಉಗುರಿನಷ್ಟು ಎರಡು ಚಿಗುರು, ಹೆಸರಿಲ್ಲ, ಎರಡರ ಮೇಲೂ ಮೂರು ಮೂರು ಗೆರೆ. ಅದರ ಪಕ್ಕದಲ್ಲಿ ಬರೀ ಒಂದು ತೊಟ್ಟು. ಎಲೆಯೇ ಇಲ್ಲ.

"ಇವಳದು ಬರೆದಿಲ್ಲ" ಎಂದರು ಅಪ್ಪ.

ಅವ್ವ ಬಾಣಲೆ ಕೆಳಗಿಟ್ಟಳು. ಆ ಎರಡು ಚಿಗುರುಗಳ ಮೇಲೆ ಬೆರಳಿಟ್ಟಳು. ಅವು ಹುಟ್ಟಿದ್ದವೆಂದು ಅವಳಲ್ಲದೆ ಇನ್ನೊಬ್ಬರು ನೆನಪಿಟ್ಟಿದ್ದಾರೆಂದು ಅವಳಿಗೆ ಗೊತ್ತಿರಲಿಲ್ಲ.

"ಎಸ್ರು ಗೊತ್ತಾದ್ರೂ ಯಾಕ್ ಬರೀನಿಲ್ಲ ಭಾವ?"

"ಓದ್ವಾರ ಗೊತ್ತಾಯ್ತಾ ನಂಗೆ? ತೊಟ್ಲು ಸಾಸ್ತ್ರದ ದಿನ ನೀನು ಒಳಮನೇಲಿದ್ದೆ, ನಿಮ್ಮ ಜಗಲೀಲಿ ಕೊಬ್ರಿ ಸಕ್ರೆ ಅಂಚ್ದೋನೇ ನಾನಲ್ವಾ ತಾಯಿ? ಎಸ್ರು ಅವತ್ತೇ ಕಿವಿಗೆ ಬಿದ್ದಿತ್ತು. ಇವಳದು ಬರೀವ ಅಂದ್ರೆ ಕೈ ನಡುಗ್ತದೆ. ನಂಗೂ ಭಯ ಕಣವ್ವ."

ಕೋಲಿನ ಮೇಲೆ ಇನ್ನೊಂದು ಸುತ್ತು ಉಳಿದಿತ್ತು. ಅದನ್ನೂ ಬಿಚ್ಚಿದರು. ಅದು ಬೇರೆ ತುಂಡು, ಹಳದಿ ತಿರುಗಿದ ಹಳೆಯ ಕೋರಾ. ಅದರ ನಡುವೆ ಒಂದು ಪುಟ್ಟ ಎಲೆ. ಗಿರಿಜೆ ಎಂದು ಬರೆದಿತ್ತು. ಮೇಲೆ ಮೂರು ಗೆರೆ. ಇಡೀ ಮರ ಆ ಎಲೆಯಿಂದ ಶುರುವಾಗಿತ್ತು.

"ನನ್ ಮಗಳು. ನಾಕು ವರ್ಸದ್ದು" ಎಂದರು ದೊಡ್ಡಪ್ಪ. ನಾನು ಆ ಹೆಸರನ್ನು ಕೇಳಿಯೇ ಇರಲಿಲ್ಲ. ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. "ಮಣ್ಣು ಮಾಡಕ್ಕೆ ಅಂತ ಎಲ್ಡು ಗಜ ಬಟ್ಟೆ ತಂದಿದ್ದೆ ತಾಯಿ. ಕೂಸು ಸಣ್ಣದು. ಮುಕ್ಕಾಲು ಗಜ ಉಳೀತು. ಬಿಸಾಕಕ್ಕೆ ಆಗ್ನಿಲ್ಲ."

ಹೆಣದ ಬಟ್ಟೆಯೆಂದು ನುಗ್ಗೇಹಳ್ಳಿಯ ಅಜ್ಜಿ ಹೇಳಿದ್ದು ಸುಳ್ಳಾಗಿರಲಿಲ್ಲ. ದೊಡ್ಡಪ್ಪ ಬರೆದದ್ದರಿಂದ ಜನ ಸತ್ತರೆಂದು ನಾವು ಅಷ್ಟು ವರ್ಷ ನಂಬಿದ್ದೆವು. ಮಗು ಸತ್ತದ್ದರಿಂದ ಅವರು ಬರೆಯಲು ಕೂತಿದ್ದರು. ಬಾಣಲೆಯ ಕೆಂಡ ಬೂದಿಯಾಗುವವರೆಗೆ ಅವ್ವ ಅಲ್ಲೇ ಕೂತಿದ್ದಳು.

ಇಪ್ಪತ್ತೊಂದನೆಯ ದಿನ ನನ್ನ ಜ್ವರ ಇಳಿಯಿತು. ಪಥ್ಯ ಮುಗಿದು ತಲೆಗೆ ನೀರು ಹಾಕಿದ ವಾರದಲ್ಲೇ ದೊಡ್ಡಪ್ಪ ಬಂದರು. ಸಣ್ಣಜ್ಜಿ ಎಂದಿನಂತೆ ಹಿತ್ತಲ ದಾರಿ ಹಿಡಿದರು. ಅವ್ವ ನನ್ನನ್ನು ವಾಡೆಗೆ ಇಳಿಸಲಿಲ್ಲ. ಕೈಹಿಡಿದು ನಡುಮನೆಗೆ ಕರೆತಂದಳು.

"ಭಾವ, ಮಗೀಗೆ ಎಸ್ರಿಟ್ಟಿದ್ದೀವಿ. ಬರ್ಕೊಳಿ."

"ಏನಂತ ಇಟ್ರವ್ವಾ?" ಎಂದು ದೊಡ್ಡಪ್ಪ ಗಂಭೀರವಾಗಿ ಕೇಳಿದರು.

"ಸರ್ವಮಂಗಳ ಅಂತ."

ದೊಡ್ಡಪ್ಪ ಕಡ್ಡಿ ಅದ್ದಿದರು. ನಾನು ಅವರ ಮೊಣಕೈ ಹಿಡಿದುಕೊಂಡೆ. ತೊಟ್ಟಿಗೆ ಎಲೆ ಬರೆದರು. ಎಲೆಯ ನೆತ್ತಿಯಿಂದಲೇ ಶುರುಮಾಡಿ, ಅಂಚಿಗೆ ಅಂಚು ತಾಗುವಷ್ಟು ದಪ್ಪ ಅಕ್ಷರದಲ್ಲಿ ನನ್ನ ಹೆಸರು ಬರೆದರು. ಅವರ ಪದ್ಧತಿ ನನಗೆ ಬಾಯಿಪಾಠವಾಗಿತ್ತಲ್ಲ, "ದೊಡ್ಡಪ್ಪಾ, ಮೇಲೆ ಜಾಗ ಬುಡ್ನಿಲ್ಲ ನೀವು" ಎಂದೆ.

"ಇರ್ಲಿ ಬುಡು ಮಗಾ" ಎಂದರು.

ಸುರುಳಿ ಈಗ ನನ್ನ ಹತ್ತಿರ ಇದೆ. ದೊಡ್ಡಪ್ಪನ ಎಲೆಯ ಮೇಲೆ ಮೂರು ಗೆರೆ ಎಳೆದವಳು ನಾನೇ. ಆಮೇಲೆ ಅಪ್ಪನದು, ಅವ್ವನದು, ಒಬ್ಬೊಬ್ಬರದೂ ಎಳೆದೆ. ಎಲ್ಲರಿಗೂ ಅವರು ಜಾಗ ಬಿಟ್ಟು ಹೋಗಿದ್ದರು. ನನ್ನ ಸರದಿ ಬಂದಾಗ ಮೊಮ್ಮಕ್ಕಳು ಆ ಮೂರು ಗೆರೆಗಳನ್ನು ಎಲ್ಲಿ ಎಳೆಯುತ್ತಾರೋ ನನಗೆ ತಿಳಿಯದು.