ಹುಣ್ಣಿಮೆ ಮಾರ್ಕಿನ ಸೈಕಲ್ಲು

ಬೆಳಿಗ್ಗೆ ಹಲ್ಲುಜ್ಜುತ್ತಾ ಬಾಗಿಲು ತೆಗೆದ ಗುಮಾಸ್ತನನ್ನು ನೋಡಿ ಚಂದ್ರನೊಬ್ಬ ಹಲ್ಲು ಕಿರಿದ. ಆಕಾಶದ ಚಂದ್ರನಲ್ಲ. ಬಾಗಿಲಿಗೆ ಒರಗಿಸಿಟ್ಟ ಸೈಕಲ್ಲಿನ ನಡುವಿನ ತಗಡಿನ ಮೇಲೆ ಊಟದ ತಟ್ಟೆಯಷ್ಟು ಅಗಲಕ್ಕೆ ಹಳದಿ ಬಣ್ಣದಲ್ಲಿ ಬರೆದ ಚಂದ್ರ. ಅವನ ಗದ್ದದ ಕೆಳಗೆ ಕೆಂಪಕ್ಷರದಲ್ಲಿ 'ಹುಣ್ಣಿಮೆ ಸೋಪಿನ ಪುಡಿ' ಎಂದಿತ್ತು. ಮಡ್‌ಗಾರ್ಡಿನ ಮೇಲೆ ಹುಣ್ಣಿಮೆ, ಚೈನ್ ಕವರಿನ ಮೇಲೆ ಹುಣ್ಣಿಮೆ, ಸೀಟಿನ ಹಿಂಬದಿಯಲ್ಲಿ, ಕೂತವನ ಮಾನ ಎಲ್ಲಿ ಹೋಗಬೇಕೋ ಅಲ್ಲಿ, ಇನ್ನೊಂದು ಹುಣ್ಣಿಮೆ.

ಗುಮಾಸ್ತ ಬಾಯಲ್ಲಿದ್ದ ನೊರೆಯನ್ನು ನುಂಗಿಬಿಟ್ಟ. ಅವನು ಬಿಲ್ಲು ಬರೆದು ಹೊಟ್ಟೆ ಹೊರೆಯುತ್ತಿದ್ದುದು ಕೊಕ್ಕರೆ ಮಾರ್ಕಿನ ಸೋಪಿನ ಪುಡಿಯ ಕಂಪನಿಯಲ್ಲಿ. ಕೊಕ್ಕರೆಗೂ ಹುಣ್ಣಿಮೆಗೂ ಎಣ್ಣೆ ಸೀಗೆಕಾಯಿ ಸಂಬಂಧ. ಯಜಮಾನರ ಎದುರು ಹುಣ್ಣಿಮೆಯ ಹೆಸರೆತ್ತಿದ ಮಾರಾಟದವನೊಬ್ಬ ಅದೇ ಸಂಜೆ ಕೆಲಸ ಕಳಕೊಂಡನೆಂದು ಆಫೀಸಿನಲ್ಲಿ ಪ್ರತೀತಿ ಇತ್ತು. ಅವನು ಯಾರು, ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ, ಆದರೆ ಎಲ್ಲರೂ ನಂಬಿದ್ದರು.

"ಹೇಗಿದೆ ಭಾವ?" ಎಂದು ಸೈಕಲ್ಲಿನ ಹಿಂದಿನಿಂದ ಭಾವಮೈದುನ ಕೇಳಿದ. ಊರಿನ ಯಾವ ಸಾಮಾನನ್ನಾದರೂ ಅರ್ಧ ಬೆಲೆಗೆ ಕೊಡಿಸಿ, ಅರ್ಧ ದಿನವೂ ಬಾಳದಂತೆ ಮಾಡುವುದರಲ್ಲಿ ಅವನು ಪ್ರವೀಣ.

"ಸೈಕಲ್ ತಗೊಂಡು ಬಾ ಅಂದ್ರೆ ಶನಿ ತಗೊಂಡು ಬಂದಿದೀಯಲ್ಲೋ."

"ಹೊಸದು ಭಾವ. ಟೈರ್ ನೋಡಿ, ರಬ್ಬರಿನ ಕೂದಲು ಕೂಡ ಉದುರಿಲ್ಲ. ಹಳೇ ಸೈಕಲ್ ಅಂಗಡಿ ತುಂಬ ಇದೇ ಮಾಲು. ಪುಡಿ ಕೊಂಡೋರಿಗೆ ಚೀಟಿ ಎತ್ತಿ ಬಹುಮಾನ ಕೊಟ್ರಂತೆ. ಗೆದ್ದೋರು ಮಾರನೇ ದಿನವೇ ಮಾರ್ಕೊಂಡಿದಾರೆ."

ಮಾರದೆ ಏನು ಮಾಡುತ್ತಾರೆ? ಕಂಪನಿಗಳು ಪುಕ್ಕಟೆ ಕೊಡುವ ಸೈಕಲ್ಲೆಂದರೆ ಜಾಹೀರಾತಿನ ಹಲಗೆಗೆ ಎರಡು ಚಕ್ರ. ಅದರ ಬ್ರೇಕು ಸೈಕಲ್ಲನ್ನು ನಿಲ್ಲಿಸುವುದಿಲ್ಲ, ಕಿರುಚಿ ಎದುರಿನವರನ್ನು ನಿಲ್ಲಿಸುತ್ತದೆ. ಆ ಭಾಗ್ಯಕ್ಕಾಗಿ ಜನ ಅಟ್ಟದ ಮೇಲೆ, ಮಂಚದ ಕೆಳಗೆ, ಪುಸ್ತಕದ ಬೀರುವಿನಲ್ಲೆಲ್ಲ ಪುಡಿಯ ಪೊಟ್ಟಣ ಪೇರಿಸಿಕೊಂಡಿದ್ದರು. ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅನ್ನುವ ಜಾತಿ. ಗೆದ್ದ ದಿನ ಸೈಕಲ್ ಹತ್ತಿ ಫೋಟೋ ತೆಗೆಸಿಕೊಂಡು, ಒಂದು ಸುತ್ತು ಹೊಡೆದು, ಸೊಂಟ ಹಿಡಿದುಕೊಂಡು ನೇರ ಹಳೇ ಸೈಕಲ್ ಅಂಗಡಿಗೆ ಹೋಗಿದ್ದರು.

ಗುಮಾಸ್ತನಿಗೆ ಆ ದಿನವೇ ಸೈಕಲ್ ಬೇಕಿತ್ತು. ಕೊಕ್ಕರೆ ಕಂಪನಿಯ ಗೋದಾಮು ಊರಾಚೆ ಇತ್ತು. ಅಲ್ಲಿನ ಮೇಲ್ವಿಚಾರಕ ಮೈಗೆ ಹುಷಾರಿಲ್ಲವೆಂದು ಇದ್ದಕ್ಕಿದ್ದಂತೆ ಕೆಲಸ ಬಿಟ್ಟಿದ್ದ. ಆ ಜಾಗಕ್ಕೆ ಬರುವವನಿಗೆ ಗೋದಾಮಿನ ಹಿಂದಿನ ಎರಡು ಕೋಣೆಯ ಮನೆ ಸಿಗುತ್ತಿತ್ತು. ಗುಮಾಸ್ತನ ಸಂಸಾರ ಒಂದೇ ಕೋಣೆಯಲ್ಲಿತ್ತು. ಅಡಿಗೆ ಮಾಡಬೇಕಾದರೆ ಹಾಸಿಗೆ ಸುತ್ತಬೇಕು, ಹಾಸಿಗೆ ಹಾಸಬೇಕಾದರೆ ಒಲೆ ಎತ್ತಬೇಕು, ಭಾವಮೈದುನ ಬಂದರೆ ಒಬ್ಬರು ಹೊಸ್ತಿಲಾಚೆ ಕೂರಬೇಕು. ಭಾವಮೈದುನ ಬಂದು ವರ್ಷವಾಗಿತ್ತು. ಹೆಂಡತಿ ಹೊಸ ಮನೆಯಲ್ಲಿ ತಮ್ಮನನ್ನು ಯಾವ ಮೂಲೆಯಲ್ಲಿ ಮಲಗಿಸುವುದು ಎಂಬುದನ್ನೂ ಗೊತ್ತುಮಾಡಿಕೊಂಡಿದ್ದಳು.

"ಬೆಳಿಗ್ಗೆ ಸಂಜೆ ಬೀಗದಕೈ ತಂದು ಒಪ್ಪಿಸಬೇಕು. ಸ್ವಂತ ಸೈಕಲ್ ಇರೋನಿಗೇ ಈ ಕೆಲಸ. ನಾಳೆ ತೀರ್ಮಾನ ಮಾಡ್ತೀನಿ" ಎಂದು ಯಜಮಾನರು ಹಿಂದಿನ ಸಂಜೆ ಹೇಳಿದ್ದರು. ಆಸೆಪಟ್ಟವರು ಇಬ್ಬರು, ಗುಮಾಸ್ತ ಮತ್ತು ಕ್ಯಾಷಿಯರ್. ಇಬ್ಬರಿಗೂ ಸೈಕಲ್ ಇರಲಿಲ್ಲ.

"ಈ ಮೂತಿ ಹೊತ್ಕೊಂಡು ಹೋದ್ರೆ ಸಿಗೋ ಮನೇನೂ ಸಿಗಲ್ಲ ರೀ" ಎಂದಳು ಹೆಂಡತಿ. "ವಾಪಸ್ ಕೊಟ್ಟು ಬಾರೋ."

"ಮಾರಿದ ಮಾಲು ವಾಪಸ್ ತಗೊಳಲ್ಲಂತೆ ಅಕ್ಕ."

ಅಷ್ಟರಲ್ಲಿ ಮಹಡಿಯಿಂದ ಸಲಹೆ ಮೇಷ್ಟ್ರು ಇಳಿದು ಬಂದರು. ಅವರು ನಿವೃತ್ತರಾದ ಡ್ರಾಯಿಂಗ್ ಮಾಸ್ತರು. ಕೇಳದವರಿಗೂ ಸಲಹೆ ಕೊಡುತ್ತಿದ್ದುದರಿಂದ ಆ ಹೆಸರು ಬಂದಿತ್ತು. ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಬಂದು, "ಇದೇನು ದೊಡ್ಡ ವಿಷಯಾನಾ? ಪೇಪರ್ ಅಂಟಿಸಿ ಮುಚ್ಚಿಬಿಡಿ. ಹೊಸ ಸೈಕಲ್, ಗೀರು ಬೀಳದ ಹಾಗೆ ಸುತ್ತಿದೀನಿ ಅನ್ನಿ. ಜೋಪಾನ ಮಾಡೋ ಮನುಷ್ಯ ಅಂತ ಯಜಮಾನರಿಗೂ ಖುಷಿ ಆಗುತ್ತೆ" ಎಂದರು.

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಮೇಷ್ಟ್ರು ಮನೆಯಿಂದ ಹಳೇ ಪತ್ರಿಕೆ ತಂದರು, ಹೆಂಡತಿ ಗೋಂದು ಕಲಸಿದಳು, ಭಾವಮೈದುನ ಕೈಗಿಂತ ಹೆಚ್ಚಾಗಿ ಬಾಯಿಂದ ಸಹಾಯ ಮಾಡಿದ. ಮುಗಿದಾಗ ಸೈಕಲ್ಲು ಮೈಮೂಳೆಯೆಲ್ಲ ಮುರಿದು ಆಸ್ಪತ್ರೆಯಿಂದ ಬಂದ ರೋಗಿಯ ಹಾಗಿತ್ತು. ಗುಮಾಸ್ತ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹತ್ತಿ ಹೊರಟ.

ಬೀದಿಯ ತಿರುವಿನಲ್ಲೇ ಹಸಿ ಗೋಂದು ಕೈಕೊಟ್ಟಿತು. ಒಂದು ಹಾಳೆ ಕಿತ್ತು ಮುಖಕ್ಕೆ ಬಡಿಯಿತು, ಇನ್ನೊಂದು ಚಕ್ರದ ಕಡ್ಡಿಗಳಿಗೆ ಸಿಕ್ಕಿ ಪಟಪಟ ಎಂದಿತು. ಕೊನೆಗೂ ಗಟ್ಟಿಯಾಗಿ ಅಂಟಿಕೊಂಡು ಉಳಿದದ್ದು ಮುಂಭಾಗದ ಒಂದೇ ಹಾಳೆ. ಇಳಿದು ನೋಡಿದರೆ, ಆ ಹಾಳೆಯ ತುಂಬ ಹುಣ್ಣಿಮೆಯ ಜಾಹೀರಾತು, ಅದರಲ್ಲಿ ಸೈಕಲ್ ಗೆದ್ದವರ ನಗುಮುಖಗಳು. ಡ್ರಾಯಿಂಗ್ ಕಲಿಸಿದ ಕಣ್ಣಿಗೆ ಇಷ್ಟೂ ಕಾಣಲಿಲ್ಲವೇ ಎಂದು ಗುಮಾಸ್ತ ಮೇಷ್ಟ್ರಿಗೆ ಮನಸ್ಸಿನಲ್ಲೇ ಶಾಪ ಹಾಕಿದ.

"ಏ ಹುಣ್ಣಿಮೆಯವನೇ, ನಿಲ್ಲು ಅಲ್ಲೇ."

ಮೆಟ್ಟಿಲ ಮೇಲೆ ಬಟ್ಟೆ ಹಿಂಡುತ್ತಿದ್ದ ದಪ್ಪ ಹೆಂಗಸೊಬ್ಬಳು ಒದ್ದೆ ಕೈಯಲ್ಲೇ ಎದ್ದು ಬಂದು ಹ್ಯಾಂಡಲ್ ಹಿಡಿದುಕೊಂಡಳು. ಮುಖದೆದುರು ಒಂದು ಅಂಗಿ ಹಿಡಿದಳು. ಅದು ಹುಟ್ಟಿದಾಗ ನೀಲಿ ಇತ್ತಂತೆ. ಈಗ ಅದಕ್ಕೆ ಯಾವ ಬಣ್ಣವೆಂದು ಹೇಳಲು ಬಾರದು.

"ನಿಮ್ಮ ಪುಡಿ ಹಾಕಿದ್ದಕ್ಕೆ ನೋಡು. ನಮ್ಮನೆಯವರು ಇದನ್ನ ಹಾಕ್ಕೊಂಡು ಮದುವೆಗೆ ಹೋಗೋದಾ, ನೆಲ ಒರೆಸೋದಾ?"

"ಅಮ್ಮಾ, ನಾನು ಹುಣ್ಣಿಮೆಯವನಲ್ಲ. ನಾನು ಕೊಕ್ಕರೆಯವನು."

"ಹುಣ್ಣಿಮೆ ಮೇಲೆ ಕೂತ್ಕೊಂಡು ಕೊಕ್ಕರೆ ಅಂತಾನೆ" ಎಂದು ಅವಳು ಪಕ್ಕದ ಮನೆಯವಳನ್ನು ಕರೆದಳು. ಅವಳು ತನ್ನ ಅಂಗೈ ಸುಲಿದದ್ದನ್ನು ತೋರಿಸಿದಳು. ಮೂರನೆಯವಳು ಚೀಟಿ ಎತ್ತಿದ್ದೇ ಮೋಸ, ತನಗೆ ಬರಬೇಕಿದ್ದ ಸೈಕಲ್ ಇದೇ ಎಂದು ಸೀಟು ಹಿಡಿದು ಎಳೆದಳು. ಕೊಕ್ಕರೆಯೂ ಅಷ್ಟಕ್ಕಷ್ಟೇ, ಅದಕ್ಕಿಂತ ಬೂದಿ ವಾಸಿ ಎಂದು ಯಾರೋ ಸೇರಿಸಿದರು. ಇಷ್ಟು ವರ್ಷ ಬಿಲ್ಲಿನಲ್ಲಿ ಕೊಕ್ಕರೆಯ ಹೆಸರು ಬರೆದು ಬೆರಳು ಸವೆಸಿದ ಗುಮಾಸ್ತನಿಗೆ ಎದೆಗೆ ಚುಚ್ಚಿದಂತಾಯಿತು. ನಾಳೆಯೇ ಎಲ್ಲರಿಗೂ ಹೊಸ ಪೊಟ್ಟಣ ತಂದುಕೊಡುತ್ತೇನೆಂದು ಹುಣ್ಣಿಮೆಯ ಪರವಾಗಿ ಆಣೆ ಮಾಡಿ ಬಿಡಿಸಿಕೊಂಡ.

ಹೀಗೆ ಆಫೀಸಿಗೆ ಹೋಗುವುದೂ ಒಂದೇ, ರಾಜೀನಾಮೆ ಬರೆದುಕೊಂಡು ಹೋಗುವುದೂ ಒಂದೇ. ಅಡ್ಡರಸ್ತೆಯ ಪಂಕ್ಚರ್ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿ, ಸೀಮೆಎಣ್ಣೆ, ಸ್ಯಾಂಡ್ ಪೇಪರು ಬೇಡಿ ಪಡೆದು, ಇಸ್ತ್ರಿಯ ಅಂಗಿಯ ತೋಳು ಮಡಚಿ ಕೂತ. ಉಜ್ಜಿದ. ಚಂದ್ರನ ಹಣೆ ಹೋಯಿತು, ಕಣ್ಣು ಹೋಯಿತು. ನಗು ಮಾತ್ರ ಬಹಳ ಹೊತ್ತು ಹೋಗಲಿಲ್ಲ.

"ಒಳಗೆ ಇನ್ನೇನೋ ಇದೆಯಲ್ಲ ಸಾರ್" ಎಂದ ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದ ಅಂಗಡಿಯವನು. "ಯಾವುದೋ ಹಕ್ಕಿ ಕಾಲು."

ಗುಮಾಸ್ತ ಬಗ್ಗಿ ನೋಡಿದ. ಹಳದಿ ಬಣ್ಣದ ಅಡಿಯಿಂದ ಉದ್ದನೆಯ ಕಾಲೊಂದು ಇಳಿದಿತ್ತು. ಮತ್ತೆ ಉಜ್ಜಿದ. ಬಿಳಿ ಹೊಟ್ಟೆ ಬಂತು, ಬಾಗಿದ ಕತ್ತು ಬಂತು, ಕೊಕ್ಕು ಬಂತು. ಕೊನೆಗೆ, ತಾನು ದಿನವೂ ಬಿಲ್ಲಿನ ತಲೆಯ ಮೇಲೆ ನೋಡುವ ಅದೇ ಅಕ್ಷರಗಳು ಬಂದವು. ಕೊಕ್ಕರೆ ಮಾರ್ಕಿನ ಸೋಪಿನ ಪುಡಿ.

ಅವನ ಕಣ್ಣಲ್ಲಿ ನಿಜವಾಗಿ ನೀರು ಬಂತು. ನಮ್ಮ ಕಂಪನಿ ಯಾವಾಗ ಸೈಕಲ್ ಕೊಟ್ಟಿತ್ತು ಎಂಬ ಪ್ರಶ್ನೆ ಒಂದು ಗಳಿಗೆ ತಲೆಯೆತ್ತಿತು. ಈಗಿನ ಯಜಮಾನರ ತಂದೆಯ ಕಾಲದಲ್ಲಿರಬೇಕು ಎಂದು ಅದರ ತಲೆಯ ಮೇಲೆ ಮೊಟಕಿ ಕೂರಿಸಿದ. ಮಡ್‌ಗಾರ್ಡು, ಚೈನ್ ಕವರು, ಸೀಟಿನ ಹಿಂಬದಿ ಎಲ್ಲ ಉಜ್ಜಿದ. ಎಲ್ಲೆಲ್ಲೂ ಕೊಕ್ಕರೆ. ಹುಣ್ಣಿಮೆಯ ಒಂದು ಚುಕ್ಕೆಯೂ ಉಳಿಯದಂತೆ ಬಟ್ಟೆಯಿಂದ ಒರೆಸಿ, ಉಳಿದ ಸ್ಯಾಂಡ್ ಪೇಪರನ್ನು ಜೇಬಿಗಿಟ್ಟುಕೊಂಡು, ಎರಡು ಕೋಣೆಯ ಮನೆಯ ಬಾಗಿಲು ತೆಗೆದವನ ಹಾಗೆ ಎದೆಯುಬ್ಬಿಸಿ ಹೊರಟ.

ಆಫೀಸಿನ ಗೋಡೆಗೆ ಹುಣ್ಣಿಮೆಯ ಸೈಕಲ್ಲೊಂದು ಒರಗಿತ್ತು, ನಡುವೆ ಚಂದ್ರ ಹಲ್ಲು ಕಿರಿಯುತ್ತಿದ್ದ. ಆ ಕಂಪನಿಯವರು ಯಾರೋ ಜಗಳಕ್ಕೆ ಬಂದಿರಬೇಕು, ಯಜಮಾನರು ಒಳಗೆ ಗ್ರಹಚಾರ ಬಿಡಿಸುತ್ತಿರಬೇಕು ಎಂದುಕೊಂಡು ಗುಮಾಸ್ತ ಅದರ ಪಕ್ಕದಲ್ಲೇ ತನ್ನದನ್ನು ನಿಲ್ಲಿಸಿದ. ಒಳಗೆ ಯಜಮಾನರ ಎದುರು ಕ್ಯಾಷಿಯರ್ ಒಬ್ಬನೇ ಕೈಕಟ್ಟಿ ನಿಂತಿದ್ದ.

"ಸೈಕಲ್ ತಂದ್ಯೇನಯ್ಯಾ?" ಎಂದರು ಯಜಮಾನರು.

"ತಂದಿದೀನಿ ಸಾರ್. ತಾವೇ ಬಂದು ನೋಡ್ಬೇಕು." ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಮಾತು ಈಗ ಹೊರಬಂತು. "ಕಂಡೋರ ಸೈಕಲ್ ಹತ್ತೋಕೆ ಮನಸ್ಸು ಒಪ್ಪಲಿಲ್ಲ ಸಾರ್. ನಮ್ಮ ಕಂಪನಿ ಉಪ್ಪು ತಿಂದೋನು ನಾನು. ಅದಕ್ಕೇ ನಮ್ಮದೇ ಸೈಕಲ್ ಹುಡುಕಿ ತಂದೆ."

ಯಜಮಾನರು ಹೊರಗೆ ಬಂದರು. ಕೊಕ್ಕರೆಯನ್ನು ನೋಡಿದರು. ಬಗ್ಗಿ ಟೈರು ಮುಟ್ಟಿದರು. ಗುಮಾಸ್ತ ನಮ್ರತೆಯಿಂದ ತಲೆ ತಗ್ಗಿಸಿ ಹೊಗಳಿಕೆಗೆ ಕಾದ.

"ಎಲ್ಲಿ ಹುಡುಕಿದೆ?"

"ಹಳೇ ಸೈಕಲ್ ಅಂಗಡೀಲಿ ಸಾರ್."

"ನಮ್ಮ ಸೈಕಲ್ ಇನ್ನೂ ಒಂದೂ ಹಂಚಿಲ್ಲ ಕಣಯ್ಯಾ" ಎಂದರು ಯಜಮಾನರು, ತೀರ ಮೆಲ್ಲಗೆ. "ಮುಂದಿನ ತಿಂಗಳು ಹಂಚಬೇಕು ಅಂತಿದ್ದೆ. ಹುಣ್ಣಿಮೆಯೋರಿಗೆ ಸುಳಿವು ಸಿಗಬಾರದು ಅಂತ ನನ್ನ ಹೆಂಡತಿಗೂ ಹೇಳದೆ ಗೋದಾಮಿನಲ್ಲಿ ಗೋಣಿ ಹೊದಿಸಿಟ್ಟಿದ್ದೆ. ಅರ್ಧ ಮಾಯ. ಮೇಲ್ವಿಚಾರಕನ್ನ ಓಡಿಸಿದ್ದು ಅದಕ್ಕೇ. ಅವನಿಗೆ ಇಲ್ಲಿಂದ ಕೈಜೋಡಿಸಿದೋನು ಯಾರು ಅಂತ ಹುಡುಕ್ತಾ ಇದ್ದೆ. ನೀನಾಗೇ ಹತ್ಕೊಂಡು ಬಂದೆ."

ಗುಮಾಸ್ತ ಎರಡೂ ಕೈ ಅಡ್ಡ ಆಡಿಸಿದ. "ಇಲ್ಲ ಸಾರ್. ಇದರ ಮೇಲೆ ಹುಣ್ಣಿಮೆ ಅಂತ ಬಣ್ಣ ಬಳಿದಿತ್ತು ಸಾರ್. ಕದ್ದ ಮಾಲು ಗೊತ್ತಾಗಬಾರದು ಅಂತ ಅಂಗಡಿಯವನು ಬಳಿದಿರಬೇಕು."

"ಎಲ್ಲಿದೆ ಬಣ್ಣ?"

"ಉಜ್ಜಿಬಿಟ್ಟೆ ಸಾರ್."

"ಯಾರು?"

"ನಾನೇ. ಹುಣ್ಣಿಮೆ ಸೈಕಲ್ ನೋಡಿದ್ರೆ ತಮಗೆ ಸಿಟ್ಟು ಬರುತ್ತೆ ಅಂತ."

"ನನಗ್ಯಾಕಯ್ಯಾ ಸಿಟ್ಟು? ಅವನು ಸೈಕಲ್ ಹಂಚಿ ಹಂಚಿ ಮುಳುಗಲಿ. ಅದನ್ನ ಅಗ್ಗಕ್ಕೆ ಕೊಂಡು ನಮ್ಮ ಕೆಲಸಕ್ಕೆ ಹಚ್ಚೋದೇ ವ್ಯಾಪಾರ. ನೋಡು ಕ್ಯಾಷಿಯರ್‌ನ, ನಿನ್ನೆ ಅದೇ ಅಂಗಡೀಲಿ ದುಡ್ಡು ಕೊಟ್ಟು ತಂದಿದಾನೆ. ಮುಚ್ಚಲಿಲ್ಲ, ಮರೆಸಲಿಲ್ಲ. ಇದಕ್ಕೆ ನಿಯತ್ತು ಅಂತಾರೆ."

ಗುಮಾಸ್ತನ ಮಂಕು ತಲೆಯಲ್ಲಿ ಒಂದು ದೀಪ ಹತ್ತಿತು. ಅದೇ ಅಂಗಡಿ, ಅದೇ ಚಂದ್ರ. ಇದರ ಒಳಗೂ ಕೊಕ್ಕರೆ ಇದ್ದೇ ಇರುತ್ತದೆ, ತೋರಿಸಿಬಿಟ್ಟರೆ ತನ್ನ ಮಾತು ನಿಜವಾಗುತ್ತದೆ. "ಇದನ್ನೂ ಉಜ್ಜಿ ನೋಡಿ ಸಾರ್" ಎನ್ನುತ್ತಾ, ಯಾರೂ ತಡೆಯುವ ಮೊದಲೇ ಜೇಬಿನಿಂದ ಸ್ಯಾಂಡ್ ಪೇಪರ್ ತೆಗೆದು ಕ್ಯಾಷಿಯರನ ಸೈಕಲ್ಲಿನ ಮೇಲೆ ಬಿದ್ದ. ಕ್ಯಾಷಿಯರ್ ಭುಜ ಹಿಡಿದು ಎಳೆಯುತ್ತಿದ್ದ, ಇವನು ಉಜ್ಜುತ್ತಿದ್ದ. ಹಣೆ ಹೋಯಿತು, ಕಣ್ಣು ಹೋಯಿತು, ನಗುವೂ ಹೋಯಿತು. ಒಳಗೆ ಬರಿಯ ತಗಡು ಫಳಫಳ ಹೊಳೆಯಿತು. ಕ್ಯಾಷಿಯರ್ ಕೊಂಡದ್ದು ಅಪ್ಪಟ ಹುಣ್ಣಿಮೆಯನ್ನೇ.

ಯಜಮಾನರು ಪೊಲೀಸರನ್ನು ಕರೆಯಲಿಲ್ಲ. ಕರೆದರೆ ಸೈಕಲ್ಲಿನ ಗುಟ್ಟು ಊರಿಗೆಲ್ಲ ತಿಳಿಯುತ್ತದೆ. ಕೆಲಸದಿಂದಲೂ ತೆಗೆಯಲಿಲ್ಲ. ಕಳ್ಳ ಕಣ್ಣೆದುರಿಗೇ ಇದ್ದರೆ ಮೇಲು ಎಂದರು. ಕೊಕ್ಕರೆಯ ಸೈಕಲ್ಲು ಗೋಣಿ ಹೊದ್ದು ಗೋದಾಮಿಗೆ ಮರಳಿತು. ಗೋದಾಮಿನ ಬೀಗದಕೈ ಕ್ಯಾಷಿಯರನ ಜೇಬಿಗೆ ಬಿತ್ತು. ಹಾಳುಮಾಡಿದ್ದನ್ನು ಹಾಳುಮಾಡಿದವನೇ ಸರಿಮಾಡಲಿ ಎಂದು ಅಪ್ಪಣೆಯಾಯಿತು.

ಅಂತೂ ಆ ಮಧ್ಯಾಹ್ನ ಕೊಕ್ಕರೆ ಕಂಪನಿಯ ಮೆಟ್ಟಿಲ ಮೇಲೆ ಕೊಕ್ಕರೆ ಕಂಪನಿಯ ಬಿಲ್ ಗುಮಾಸ್ತ, ಕೊಕ್ಕರೆ ಕಂಪನಿಯದೇ ಬೋರ್ಡಿಗೆ ತಂದಿದ್ದ ಹಳದಿ ಬಣ್ಣದಲ್ಲಿ ಕುಂಚ ಅದ್ದಿ, ಕ್ಯಾಷಿಯರನ ತಗಡಿನ ಮೇಲೆ ಹುಣ್ಣಿಮೆ ಬರೆಯುತ್ತಾ ಕೂತ. ಮನೆಯಲ್ಲಿ ಹೆಂಡತಿ ಪಾತ್ರೆಗಳನ್ನು ಮೂಟೆ ಕಟ್ಟಿಕೊಂಡು ಕಾಯುತ್ತಿರುತ್ತಾಳೆಂದು ಅವನಿಗೆ ಗೊತ್ತಿತ್ತು. ಆ ಮೂಟೆ ಬಿಚ್ಚುವಂತೆ ಹೇಳಬೇಕಾದವನು ತಾನೇ ಎಂದು ನೆನೆಯುವಷ್ಟರಲ್ಲಿ ಕುಂಚ ಗೆರೆ ದಾಟಿತು, ಚಂದ್ರನ ಒಂದು ಕೆನ್ನೆ ಊದಿಕೊಂಡಿತು.

ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಕ್ಯಾಷಿಯರ್ ಬಗ್ಗಿ ನೋಡಿದ.

"ನಗು ಇನ್ನೂ ಸ್ವಲ್ಪ ಅಗಲ ಆಗಲಿ ಗುಮಾಸ್ತರೇ" ಎಂದ. "ಹಾಂ, ಭಾನುವಾರ ನಿಮ್ಮ ಭಾವಮೈದುನನ್ನ ಕರ್ಕೊಂಡು ಗೋದಾಮಿನ ಮನೆ ಹತ್ರ ಬನ್ನಿ. ಸಾಮಾನು ಇಳಿಸೋಕೆ ನಮಗೆ ಎರಡು ಆಳು ಕಡಿಮೆ ಇದೆ."

ಗುಮಾಸ್ತ ಆಗಲಿ ಎಂದು, ನಗುವನ್ನು ಅಗಲ ಮಾಡಿದ.